ಬೆಂದ ಕಾಳೂ ಬೇಗೂರ ಕಲ್ಲೂ

ವಿದ್ಯೆಯನ್ನು ಕಳ್ಳರು ಕದಿಯಲಾಗದ ಧನವೆಂದು ಹಿರಿಯರು ಹೊಗಳಿದರು. ಹೀಗೆ ಹೊಗಳುವಾಗ, ಅದು ರಾಶಿರಾಶಿಯಾಗಿ ಬೀದಿಯಲ್ಲಿ ಬಿದ್ದಿರುವ ಕಾಲವೂ ಬಂದೀತೆಂದು ಅವರು ಎಣಿಸಿರಲಾರರು. ಈಗ ಅಂತರಜಾಲದಲ್ಲಿ ‘ವಿಜಯನಗರ’ ಎಂದು ಬರೆದು ಹುಡುಕಿ ನೋಡಿ. ಹಂಪಿಯ ಕಲ್ಲಿನ ರಥದಿಂದ ಹಿಡಿದು ಬೆಂಗಳೂರಿನ ವಿಜಯನಗರ ಬಡಾವಣೆಯಲ್ಲಿ ಬಾಡಿಗೆಗೆ ಇರುವ ಮನೆಗಳವರೆಗೆ ಎಲ್ಲವೂ ಕಣ್ಣಮುಂದೆ ಬಂದು ನಿಲ್ಲುತ್ತದೆ. ಕೃಷ್ಣದೇವರಾಯನ ಪಕ್ಕದಲ್ಲೇ ಮಾಡ್ಯುಲರ್ ಅಡುಗೆಮನೆಯ ಜಾಹೀರಾತು. ಇದೊಂದು ಸಂತೆ. ಸಂತೆಯಲ್ಲಿ ಪದಾರ್ಥವಿಲ್ಲವೆಂದು ಯಾರೂ ಬರಿಗೈಯಲ್ಲಿ ಹಿಂತಿರುಗುವುದಿಲ್ಲ; ಆದರೆ ಹುಳುಕಿಲ್ಲದ ಬದನೆಕಾಯನ್ನು ಆರಿಸಿ ತರುವುದಕ್ಕೆ ಕಣ್ಣು ಬೇಕು, ಅದಕ್ಕಿಂತ ಹೆಚ್ಚಾಗಿ ಸಮಯ ಬೇಕು.

ಈ ಎರಡನೆಯದು ನನ್ನ ತಂಗಿಯ ಬಳಿ ಇಲ್ಲ. ಆಕೆ ಬೆಂಗಳೂರಿನ ತೆಂಕಣ ಅಂಚಿನಲ್ಲಿ, ಬೇಗೂರಿನ ಆಸುಪಾಸಿನ ಒಂದು ಕನ್ನಡ ಮಾಧ್ಯಮದ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಉಪಾಧ್ಯಾಯಿನಿ. ಸಮಾಜ ವಿಜ್ಞಾನವೆಂದರೆ ಒಂದು ವಿಷಯವಲ್ಲ, ಅವಿಭಕ್ತ ಕುಟುಂಬ. ಚರಿತ್ರೆ, ಭೂಗೋಳ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರ, ಸಮಾಜಶಾಸ್ತ್ರ, ವ್ಯವಹಾರ ಅಧ್ಯಯನ ಎಲ್ಲವೂ ಒಂದೇ ಸೂರಿನ ಕೆಳಗೆ. ಎಲ್ಲವನ್ನೂ ಸಾಕಬೇಕಾದವಳು ಒಬ್ಬಳೇ. ನಲವತ್ತು ನಿಮಿಷದ ಪೀರಿಯಡ್ಡು, ಅದರಲ್ಲಿ ಹಾಜರಿಗೆ ಐದು ನಿಮಿಷ. ಉಳಿದದ್ದರಲ್ಲಿ ಪ್ರಪಂಚವನ್ನೆಲ್ಲ ತೋರಿಸಬೇಕು. ತೋರಿಸುವ ಟೆಲಿವಿಷನ್ನೇನೋ ಶಾಲೆಗೆ ದಾನವಾಗಿ ಬಂದಿದೆ. ಅದು ಮುಖ್ಯೋಪಾಧ್ಯಾಯರ ಕೋಣೆಯಲ್ಲಿ, ಬೀಗದೊಳಗೆ, ಬಟ್ಟೆ ಹೊದ್ದುಕೊಂಡು ಸುಖವಾಗಿದೆ.

ಒಂದು ಭಾನುವಾರ ಕಾಫಿಯ ಲೋಟವನ್ನು ಕೆಳಗಿಡುತ್ತ ಅವಳೆಂದಳು: “ಅಣ್ಣಾ, ನೀನು ಕಾಲೇಜಿನಲ್ಲಿ ಪಂಪ, ರನ್ನ ಅಂದುಕೊಂಡು ಹಾಯಾಗಿದ್ದೀಯ. ನನ್ನ ಕ್ಲಾಸಿನಲ್ಲಿ ಮೂರು ಮಕ್ಕಳ ಅಪ್ಪ ಅಮ್ಮ ಬಂದು ಇಂಗ್ಲಿಷ್ ಮೀಡಿಯಂಗೆ ಟಿ.ಸಿ. ಕೇಳ್ತಿದ್ದಾರೆ. ಯಾಕಮ್ಮಾ ಅಂದ್ರೆ, ಕನ್ನಡದಲ್ಲಿ ನೆಟ್ಟಿನಲ್ಲಿ ಏನೂ ಸಿಗಲ್ಲವಂತೆ ಅಂತಾರೆ. ನಾನೇನು ಹೇಳಲಿ?”

ಹೇಳಿಕೇಳಿ ನಾನು ಕನ್ನಡ ಮೇಷ್ಟ್ರು. ಈ ಮಾತು ಚುಚ್ಚದೆ ಇರುತ್ತದೆಯೆ? ಅಂದಿನಿಂದ ನನ್ನ ಭಾನುವಾರಗಳು ಅವಳ ಪಾಲಾದವು.

ಹೊರಟ ಮೇಲೆ ಮೊದಲು ಕಂಡದ್ದೇನೆಂದರೆ, ಕನ್ನಡದಲ್ಲಿ ಏನೂ ಇಲ್ಲವೆಂಬ ಮಾತು ಶುದ್ಧ ಸುಳ್ಳು. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯವಿದೆ. ಸರ್ಕಾರದ ಆಶ್ರಯದಲ್ಲಿ ಬೆಳೆದ ‘ಕಣಜ’ವಿದೆ. ಉಪಾಧ್ಯಾಯರೇ ಸೇರಿ ಕಟ್ಟಿದ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ’ವೆಂಬ ತಾಣದಲ್ಲಿ ಪಾಠಕ್ಕೊಂದರಂತೆ ಚಟುವಟಿಕೆಗಳಿವೆ. 2017ರಲ್ಲಿ ಕೇಂದ್ರ ಸರ್ಕಾರ ತೆರೆದ ‘ದೀಕ್ಷಾ’ ಇದೆ. ಪಠ್ಯಪುಸ್ತಕದ ಹಾಳೆಯಲ್ಲಿ ಚುಕ್ಕಿ ತಪ್ಪಿದ ರಂಗೋಲಿಯಂತೆ ಒಂದು ಕಪ್ಪು ಚೌಕ ಕಾಣುತ್ತದಲ್ಲ, ಫೋನನ್ನು ಅದಕ್ಕೆ ತೋರಿಸಿದರೆ ಆ ಪಾಠದ ಸಾಮಗ್ರಿ ತೆರೆದುಕೊಳ್ಳುತ್ತದೆ. ಇವೆಲ್ಲ ಒಳ್ಳೆಯವೇ. ಆದರೆ ಇವುಗಳಲ್ಲಿ ಬಹುಪಾಲು, ಪುಸ್ತಕ ಹೇಳಿದ್ದನ್ನೇ ಇನ್ನೊಂದು ದನಿಯಲ್ಲಿ ಹೇಳುತ್ತವೆ. ಪರೀಕ್ಷೆಗೆ ಅದು ಬೇಕು, ನಿಜ. ಹುಡುಗರ ಮನಸ್ಸಿಗೆ ಬೇಕಾದದ್ದು ಬೇರೆ. ‘ಇದು ಹೀಗೆಂದು ನಿಮಗೆ ಹೇಗೆ ಗೊತ್ತಾಯಿತು?’ ಎಂಬ ಪ್ರಶ್ನೆ ಎದ್ದಾಗ, ಗೊತ್ತಾದ ಮೂಲವನ್ನೇ ಎದುರಿಗಿಡಬೇಕು.

ಆ ಪ್ರಶ್ನೆ ಎದ್ದದ್ದು ಬೆಂದ ಕಾಳಿನಿಂದ. ಬೆಂಗಳೂರಿನ ಹೆಸರಿನ ಕತೆ ಯಾರಿಗೆ ಗೊತ್ತಿಲ್ಲ? ಹೊಯ್ಸಳರ ವೀರಬಲ್ಲಾಳ ಬೇಟೆಯಲ್ಲಿ ದಾರಿತಪ್ಪಿದನಂತೆ, ಹಸಿದವನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳಂತೆ, ಊರು ಬೆಂದಕಾಳೂರಾಯಿತಂತೆ. ಎಂಟನೆಯ ತರಗತಿಯ ಹುಡುಗನೊಬ್ಬ ಎದ್ದು ನಿಂತು, “ಇದು ನಿಜವಾ ಮಿಸ್?” ಎಂದ. ತಂಗಿ ಸ್ಟಾಫ್ ರೂಮಿಗೆ ಬಂದು ಫೋನಿನಲ್ಲಿ ಹುಡುಕಿದಳು. ಹತ್ತು ಕಡೆ ಅದೇ ಕತೆ, ಒಬ್ಬರದನ್ನು ಒಬ್ಬರು ನೋಡಿ ಬರೆದದ್ದು. ಅಕ್ಷರದೋಷ ಕೂಡ ಹತ್ತರಲ್ಲೂ ಒಂದೇ. ಕೊನೆಗೆ ಈಚಿನ ಕೃತಕ ಬುದ್ಧಿಯನ್ನೂ ಕೇಳಿದಳು. ಅದು ಬಹಳ ವಿನಯದಿಂದ, ಸೊಗಸಾದ ಕನ್ನಡದಲ್ಲಿ, ಮುದುಕಿಯ ಕರುಣೆಯ ಮೇಲೆ ಒಂದು ಸಣ್ಣ ಪ್ರಬಂಧವನ್ನೇ ಬರೆದುಕೊಟ್ಟಿತು. ಯಾರು ಹೇಳಿದ್ದು, ಎಲ್ಲಿ ಬರೆದಿದೆ ಎಂಬ ಮಾತು ಮಾತ್ರ ಅದರಲ್ಲಿರಲಿಲ್ಲ. ಹೊಸಬರು ಮನೆಗೆ ಬಂದರೆ ‘ಯಾವೂರಾಯಿತು, ಯಾರ ಕಡೆಯವರು?’ ಎಂದು ಕೇಳಿಯೇ ಮಣೆ ಹಾಕುವವರು ನಾವು. ಮಾಹಿತಿ ಬಂದಾಗ ಮಾತ್ರ ಆ ವಿಚಾರಣೆಯಿಲ್ಲದೆ ಎಲೆ ಹಾಕಿಬಿಡುತ್ತೇವೆ.

ಉತ್ತರವಿದ್ದದ್ದು ಶಾಲೆಯಿಂದ ನಡೆದು ಹೋಗುವಷ್ಟು ದೂರದಲ್ಲಿ. ಬೇಗೂರಿನ ನಾಗೇಶ್ವರ ದೇವಾಲಯದ ಆವರಣದಲ್ಲಿ ಗಂಗರ ಕಾಲದ ಕಲ್ಲೊಂದಿದೆ. ಸುಮಾರು ಕ್ರಿ.ಶ. 890ರದು. ಬೆಂಗಳೂರಿನ ಕಾಳೆಗದಲ್ಲಿ ನಾಗತ್ತರನ ಕಡೆಯವನೊಬ್ಬ ಸತ್ತನೆಂದು ಅದರಲ್ಲಿ ಬರೆದಿದೆ. ಅಂದರೆ ವೀರಬಲ್ಲಾಳ ಹುಟ್ಟುವುದಕ್ಕೆ ಸುಮಾರು ಮುನ್ನೂರು ವರ್ಷ ಮೊದಲೇ ಬೆಂಗಳೂರೆಂಬ ಹೆಸರಿನ ಊರೊಂದಿತ್ತು. ಅದಕ್ಕಾಗಿ ಜನ ಹೊಡೆದಾಡಿ ಸತ್ತೂ ಇದ್ದರು. ಕೆಂಪೇಗೌಡರು 1537ರಲ್ಲಿ ಕೋಟೆ ಕಟ್ಟಿಸಿದ್ದು ಅದಕ್ಕೆ ಆರುನೂರಕ್ಕೂ ಹೆಚ್ಚು ವರ್ಷಗಳ ಮೇಲೆ.

ಈ ಶಾಸನದ ಪಾಠ ‘ಎಪಿಗ್ರಾಫಿಯ ಕರ್ನಾಟಿಕ’ ಮಾಲೆಯಲ್ಲಿ ಸೇರಿದೆ. ಮಾಲೆಯನ್ನು ಮೊದಲುಮಾಡಿದ ಬಿ. ಎಲ್. ರೈಸರು 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದವರು; ಮೈಸೂರಿನ ವಿದ್ಯಾ ಇಲಾಖೆಯಲ್ಲಿದ್ದವರು. ಇಪ್ಪತ್ತು ವರ್ಷ ತಿರುಗಿ ಒಂಬತ್ತು ಸಾವಿರದಷ್ಟು ಶಾಸನಗಳನ್ನು ಜಿಲ್ಲೆವಾರಾಗಿ ಹನ್ನೆರಡು ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ನಾನು ಎಂ.ಎ. ಓದುವಾಗ ಈ ಸಂಪುಟಗಳನ್ನು ನೋಡಬೇಕಾದರೆ ಗ್ರಂಥಪಾಲಕರ ಮುಂದೆ ಕೈಕಟ್ಟಿ ನಿಲ್ಲಬೇಕಾಗಿತ್ತು. ಈಗ ಇಂಟರ್‌ನೆಟ್ ಆರ್ಕೈವ್ ಎಂಬ ತಾಣದಲ್ಲಿ ಅವುಗಳನ್ನು ಯಾರು ಬೇಕಾದರೂ ಬಿಡಿಕಾಸಿಲ್ಲದೆ ಇಳಿಸಿಕೊಳ್ಳಬಹುದು. ರೈಸರ ಗೆಜೆಟಿಯರೂ, ಹಯವದನರಾಯರ ಗೆಜೆಟಿಯರೂ ಅಲ್ಲೇ ಇವೆ. 1909ರಲ್ಲಿ ಸ್ಥಾಪನೆಯಾದ ನಮ್ಮ ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಸುತ್ತಮುತ್ತಲ ಶಾಸನಕಲ್ಲುಗಳನ್ನು ಮೂರು ಆಯಾಮಗಳಲ್ಲಿ ಚಿತ್ರಿಸಿಕೊಳ್ಳುತ್ತ ಬಂದಿದ್ದಾರೆ. ಸವೆದ ಅಕ್ಷರ ಬರಿಗಣ್ಣಿಗಿಂತ ಆ ಚಿತ್ರದಲ್ಲಿ ಚೆನ್ನಾಗಿ ಕಾಣುತ್ತದೆ.

ತಂಗಿಗೆ ಇವೆಲ್ಲ ಸಿಕ್ಕರೂ ಒಂದು ತೊಡಕು ಉಳಿಯಿತು. ಸಂಪುಟದ ವಿವರಣೆ ಇಂಗ್ಲಿಷಿನಲ್ಲಿ, ಶಾಸನ ಹಳಗನ್ನಡದಲ್ಲಿ. ನಡುವೆ ನಿಂತ ಹುಡುಗನಿಗೆ ಎರಡೂ ದೂರ. ಇಲ್ಲಿ ಮಾತ್ರ ನನ್ನ ಎಂ.ಎ. ಪದವಿಗೆ ಒಂದಿಷ್ಟು ಕೆಲಸ ಸಿಕ್ಕಿತು. ಶಾಸನದ ಪಾಠವನ್ನು ದೊಡ್ಡ ಅಕ್ಷರದಲ್ಲಿ ಬರೆದು, ಕೆಳಗೆ ಹೊಸಗನ್ನಡದ ಅರ್ಥ ಕೊಟ್ಟು, ಒಂದು ಹಾಳೆ ಮಾಡಿದೆ. ಒಂದು ಶನಿವಾರ ಅವಳು ಮಕ್ಕಳನ್ನು ಸಾಲಾಗಿ ಕರೆದುಕೊಂಡು ಹೋದಳು. ನಾನೂ ಹಿಂದೆ ಹೋದೆ. ಎಂಟನೆಯ ತರಗತಿಯ ಚರಿತ್ರೆಯಲ್ಲಿ ‘ಆಧಾರಗಳು’ ಎಂದೊಂದು ಪಾಠವಿದೆ. ಪ್ರತಿವರ್ಷ ಅದನ್ನು ಬಾಯಿಪಾಠ ಮಾಡಿಸುವುದು ವಾಡಿಕೆ. ಈ ಸಲ ಆಧಾರವೇ ಕಲ್ಲಾಗಿ ಎದುರಿಗೆ ನಿಂತಿತ್ತು. ಹುಡುಗರು ಒಮ್ಮೆ ಹಾಳೆ ನೋಡುವರು, ಒಮ್ಮೆ ಕಲ್ಲು ನೋಡುವರು. ‘ಬೆಂಗುಳೂರ’ ಎಂಬುದನ್ನು ಓದಿದ ಹುಡುಗಿ ಕೂಗಿಕೊಂಡಳು. ಪ್ರಶ್ನೆ ಕೇಳಿದ್ದ ಹುಡುಗ ‘ಕಾಳೆಗ’ದ ಮೇಲೆ ಬೆರಳಿಟ್ಟು ಬಹಳ ಹೊತ್ತು ಯೋಚಿಸಿ, “ಸಾರ್, ಇದರಲ್ಲೂ ಕಾಳು ಇದೆಯಲ್ಲ!” ಎಂದ. ದೇವಸ್ಥಾನದ ಅರ್ಚಕರೂ ನಕ್ಕರು. ನಕ್ಕ ಮೇಲೆ ತಂಗಿ ಬಿಡಿಸಿ ಹೇಳಿದಳು: ಕತೆ ಕತೆಯಾಗಿ ಇರಲಿ, ಮುದುಕಿಯ ಔದಾರ್ಯಕ್ಕೆ ನಮ್ಮ ನಮಸ್ಕಾರ, ಆದರೆ ಹೆಸರು ಅದಕ್ಕಿಂತ ಹಳೆಯದು, ಸಾಕ್ಷಿ ಇಗೋ.

ಚರಿತ್ರೆಗೆ ಕಲ್ಲು ಸಿಕ್ಕಿತು, ಉಳಿದ ವಿಷಯಗಳಿಗೆ? ರಾಜ್ಯಶಾಸ್ತ್ರಕ್ಕೆ ಸಂವಿಧಾನ ರಚನಾ ಸಭೆಯ ಚರ್ಚೆಗಳಿವೆ. 1946ರ ಡಿಸೆಂಬರ್ 9ರಿಂದ ಸಭೆಯಲ್ಲಿ ಯಾರು ಏನು ನುಡಿದರೆಂಬುದೆಲ್ಲ ಲೋಕಸಭೆಯ ತಾಣದಲ್ಲಿ ಓದಲು ಸಿಗುತ್ತದೆ. ಅಸ್ಪೃಶ್ಯತೆಯನ್ನು ಅಳಿಸುವ ವಿಧಿಗೆ ಸಭೆ ಒಪ್ಪಿಗೆಯಿತ್ತದ್ದು 1948ರ ನವೆಂಬರ್ 29ರಂದು. ಆ ದಿನದ ಎರಡು ಪುಟಗಳನ್ನು ಸರಳ ಕನ್ನಡಕ್ಕೆ ತಂದುಕೊಟ್ಟೆ; ಮಕ್ಕಳು ಬೆಂಚುಗಳನ್ನು ಅರ್ಧಚಂದ್ರಾಕಾರವಾಗಿ ಜೋಡಿಸಿ ಸಭೆ ನಡೆಸಿದರು. ಭೂಗೋಳಕ್ಕೆ ಇಸ್ರೋದವರು 2009ರಲ್ಲಿ ತೆರೆದ ‘ಭುವನ್’ ಇದೆ, ಗೂಗಲ್ ಅರ್ತ್ ಇದೆ. ಗೂಗಲ್ ಅರ್ತ್‌ನಲ್ಲಿ ಹಳೆಯ ವರ್ಷಗಳ ಚಿತ್ರಗಳನ್ನು ಹಿಂದಕ್ಕೆ ಸರಿಸುತ್ತ ಹೋದರೆ ಕೆರೆಯ ಸುತ್ತ ಹೊಲವಿದ್ದ ಕಾಲ ಕಾಣುತ್ತದೆ. ಮುಂದಕ್ಕೆ ಸರಿಸಿದರೆ ಹೊಲ ಹೋಗಿ ಮನೆಗಳು ಏಳುತ್ತವೆ. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾದದ್ದನ್ನೂ ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾದದ್ದನ್ನೂ ಬಾಯಲ್ಲಿ ಹೇಳಿದರೆ ಮಕ್ಕಳು ನಂಬುವುದಿಲ್ಲ. ತಮ್ಮ ಕೆರೆಯ ಚಿತ್ರ ನೋಡಿದ ಮೇಲೆ ನಂಬಿದರು.

ಆದರೆ ನನ್ನ ಮನಸ್ಸಿನಲ್ಲಿ ನಿಂತಿರುವುದು ಇದಾವುದೂ ಅಲ್ಲ, ಜನಗಣತಿಯ ಒಂದು ಕೋಷ್ಟಕ. ಅಂಕಿ ಅಂಶವೆಂದರೆ ನಿದ್ದೆಗೆ ಔಷಧಿಯೆಂದು ನಂಬಿದ್ದವನು ನಾನು. ಜನಗಣತಿ ಇಲಾಖೆಯವರು ಜಿಲ್ಲೆಗೊಂದರಂತೆ ಕೈಪಿಡಿ ಮಾಡಿ ಅಂತರಜಾಲದಲ್ಲಿಟ್ಟಿದ್ದಾರೆ. ಪ್ರತಿಯೊಂದು ಹಳ್ಳಿಗೂ ಒಂದು ಸಾಲು: ಎಷ್ಟು ಮನೆ, ಎಷ್ಟು ಜನ, ಓದುಬರಹ ಬಲ್ಲವರೆಷ್ಟು, ಶಾಲೆ ಇದೆಯೆ, ಬಸ್ಸು ಬರುತ್ತದೆಯೆ, ಪೇಟೆ ಎಷ್ಟು ದೂರ. ತಂಗಿಯ ತರಗತಿಯಲ್ಲಿ ಯಾದಗಿರಿ, ಕಲಬುರಗಿಯ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು ಹಲವರಿದ್ದಾರೆ. ಬೆಂಗಳೂರಿನ ಶಾಸನ ಅವರಿಗೆ ಅಷ್ಟು ಹತ್ತಿರದ್ದಲ್ಲ. ಅವರಲ್ಲೊಬ್ಬಳು ಸುರಪುರ ತಾಲ್ಲೂಕಿನ ಹುಡುಗಿ. ತರಗತಿಯಲ್ಲಿ ಬಾಯಿ ಬಿಟ್ಟವಳಲ್ಲ, ಅವಳ ಮಾತಿನ ಧಾಟಿಗೆ ಉಳಿದವರು ನಗುತ್ತಿದ್ದರು. ತಂಗಿ ಯಾದಗಿರಿ ಜಿಲ್ಲೆಯ 2011ರ ಕೈಪಿಡಿಯನ್ನು ಮನೆಯಲ್ಲೇ ಇಳಿಸಿಕೊಂಡು, ಪೆನ್ ಡ್ರೈವಿನಲ್ಲಿ ಒಯ್ದು, ಬೀಗದೊಳಗಿದ್ದ ಟೆಲಿವಿಷನ್ನನ್ನು ಬಿಡಿಸಿಕೊಂಡು ಬಂದು, ಆ ಹುಡುಗಿಯ ಊರನ್ನು ಪರದೆಯ ಮೇಲೆ ತೋರಿಸಿದಳು. ಹುಡುಗಿ ಎದ್ದು ಹತ್ತಿರ ಬಂದು ಆ ಸಾಲನ್ನು ಓದಿದಳು. ಜನಸಂಖ್ಯೆಯ ಅಂಕಿಯ ಮೇಲೆ ಕೈಯಿಟ್ಟು ಕೇಳಿದಳು: “ಇದ್ರಾಗ ನಮ್ಮಪ್ಪನೂ ಅದಾನೇನ್ರೀ ಮಿಸ್?”

ಯಾರೂ ನಗಲಿಲ್ಲವಂತೆ. ತಂಗಿಯೂ ಥಟ್ಟನೆ ಉತ್ತರ ಕೊಡಲಿಲ್ಲ. ಗಣತಿ ಮಾಡಿದ್ದು 2011ರ ಫೆಬ್ರವರಿಯಲ್ಲಿ. ಆಗ ನಿಮ್ಮಪ್ಪ ಎಲ್ಲಿದ್ದರು, ಮನೆಯಲ್ಲಿ ಕೇಳಿಕೊಂಡು ಬಾ ಎಂದಳು. ಹುಡುಗಿ ಊರಿನಲ್ಲಿದ್ದ ಅಜ್ಜಿಗೆ ಫೋನು ಮಾಡಿಸಿ ಕೇಳಿದಳು. ಆ ವರ್ಷ ಸುಗ್ಗಿ ಮುಗಿದೊಡನೆ ಅಪ್ಪ ಬೆಂಗಳೂರಿಗೆ ದುಡಿಯಲು ಬಂದಿದ್ದನಂತೆ. ಹಾಗಾದರೆ ಅವನನ್ನು ಊರಿನ ಲೆಕ್ಕದಲ್ಲಿ ಹಿಡಿದರೋ, ಬೆಂಗಳೂರಿನಲ್ಲಿ ಎಣಿಸಿದರೋ, ಎರಡೂ ಕಡೆ ಬಿಟ್ಟರೋ? ಇಡೀ ತರಗತಿ ಒಂದು ಪೀರಿಯಡ್ಡು ಇದನ್ನೇ ಚರ್ಚಿಸಿತು. ವಲಸೆಯೆಂದರೇನು, ಜನ ಊರು ಬಿಡುವುದು ಏಕೆ, ಎಣಿಕೆಗೆ ಸಿಗದವನಿಗೆ ಪಡಿತರ ಚೀಟಿ ಎಲ್ಲಿಯದು ಎಂಬ ಪ್ರಶ್ನೆಗಳನ್ನು ಮಕ್ಕಳೇ ಎತ್ತಿದರು. ಪಠ್ಯದ ‘ಜನಸಂಖ್ಯೆ’ ಪಾಠದಲ್ಲಿ ಹುಡುಗಿಯ ಅಪ್ಪನಿಗೆ ಸ್ಥಳವಿರಲಿಲ್ಲ. ಕೋಷ್ಟಕದಲ್ಲಿ ಅವನಿದ್ದಾನೋ ಇಲ್ಲವೋ ಎಂದು ಹುಡುಕುತ್ತ ಹೋದಾಗ ಪಾಠವೆಲ್ಲ ಅವನ ಸುತ್ತ ಬಂದು ನಿಂತಿತು.

ಒಳ್ಳೆಯ ಸಾಮಗ್ರಿ ಯಾವುದೆಂದು ಈಗ ಯಾರಾದರೂ ನನ್ನನ್ನು ಕೇಳಿದರೆ, ಬಣ್ಣ ನೋಡಬೇಡಿ, ಸಂಗೀತ ಕೇಳಬೇಡಿ, ತಾನು ಎಲ್ಲಿಂದ ಬಂದೆನೆಂದು ಅದು ಹೇಳುತ್ತದೆಯೆ ನೋಡಿ ಎನ್ನುತ್ತೇನೆ. ಆಮೇಲೆ, ತರಗತಿಯಲ್ಲಿರುವ ಯಾವ ಮಗುವಾದರೂ ‘ಇದು ನಮ್ಮದು’ ಎನ್ನುವ ಹಾಗಿದೆಯೆ ನೋಡಿ. ಎರಡೂ ಇದ್ದರೆ ಮಾಸಲು ಹಾಳೆಯ ಚಿತ್ರವಾದರೂ ಸಾಕು.

ಟಿ.ಸಿ. ಕೇಳಿದ ಮೂವರಲ್ಲಿ ಇಬ್ಬರು ತೆಗೆದುಕೊಂಡೇ ಹೋದರು. ಅವರನ್ನು ಆಕ್ಷೇಪಿಸುವ ಅಧಿಕಾರ ನಮಗಿಲ್ಲ. ಬಡವರು ಮಕ್ಕಳ ಅನ್ನದ ದಾರಿ ನೋಡುತ್ತಾರೆ. ಆದರೆ ಕನ್ನಡದಲ್ಲಿ ಏನೂ ಇಲ್ಲವೆಂಬ ಮಾತು ಮಾತ್ರ ಅವರ ಬಾಯಲ್ಲಿ ಉಳಿಯಬಾರದಿತ್ತು. ಇದೆ, ಆದರೆ ಎಟುಕುವ ಎತ್ತರದಲ್ಲಿಲ್ಲ. ಇಳಿಸಿಕೊಡುವ ಕೆಲಸವನ್ನು ಒಬ್ಬ ಉಪಾಧ್ಯಾಯಿನಿಯ ತಲೆಗೆ ಕಟ್ಟಿ ನಾವು ನಿಶ್ಚಿಂತರಾಗಿದ್ದೇವೆ. ಹಳಗನ್ನಡ ಓದಬಲ್ಲವರು, ಇಂಗ್ಲಿಷಿನಿಂದ ಎರಡು ಪುಟ ತರಬಲ್ಲ ನಿವೃತ್ತರು, ನಕ್ಷೆ ನೋಡಬಲ್ಲ ಇಂಜಿನಿಯರುಗಳು ನಮ್ಮ ಬಡಾವಣೆಗಳಲ್ಲಿ ಬೀದಿಗೆ ಹತ್ತು ಜನ ಇದ್ದಾರೆ. ಹತ್ತಿರದ ಶಾಲೆಗೆ ಹೋಗಿ, ‘ಯಾವ ಪಾಠ ನಡೆಯುತ್ತಿದೆ?’ ಎಂದು ಕೇಳಿದರೆ ಸಾಕು.

ನನಗೆ ಮುಂದಿನ ಕೆಲಸ ಆಗಲೇ ಬಂದಿದೆ. ಸನ್ನತಿಯಲ್ಲಿ ಸಿಕ್ಕ ಅಶೋಕನ ಶಾಸನಗಳ ಮೇಲೆ ಒಂದು ಹಾಳೆ ಬೇಕಂತೆ, ಸುಲಭವಾದ ಕನ್ನಡದಲ್ಲಿ, ಸೋಮವಾರದೊಳಗೆ. ಸುರಪುರದ ಹುಡುಗಿ ಕೇಳಿದ್ದಾಳೆ: ಬೆಂಗಳೂರಿನವರ ಕಲ್ಲು ನೋಡಿದ್ದಾಯಿತು, ನಮ್ಮ ಕಡೆಯದು ಯಾವಾಗ?