ನಂಬಿದವರು ಸಿನಿಮಾ ನೋಡುವ ಬಗೆ

ಹೊಸ ಪೋಪರ ಆಯ್ಕೆಯ ಸುತ್ತ ಹೆಣೆದ ‘ಕಾನ್‌ಕ್ಲೇವ್’ ಚಿತ್ರ 2024ರಲ್ಲಿ ಬಂತು. ಮರುವರ್ಷ ಅದರ ಚಿತ್ರಕಥೆಗೆ ಆಸ್ಕರ್ ಸಿಕ್ಕಿತು. ಅಮೆರಿಕದ ಬಿಷಪ್ ರಾಬರ್ಟ್ ಬ್ಯಾರನ್ ಈ ಚಿತ್ರದಿಂದ ದೂರವಿರಿ ಎಂದು ತಮ್ಮ ಜನರನ್ನು ಎಚ್ಚರಿಸಿದರು. ಅದೇ ಚರ್ಚಿಗೆ ಸೇರಿದ, ಅದೇ ಪ್ರಾರ್ಥನೆ ಹೇಳುವ ಬೇರೆ ಕೆಲವು ವಿಮರ್ಶಕರು ಚಿತ್ರವನ್ನು ಮೆಚ್ಚಿ ಬರೆದರು. ಸಂಶಯದ ನಡುವೆಯೂ ಪ್ರಾರ್ಥನೆಗಾಗಿ ತಡಕಾಡುವ ಮುದಿ ಕಾರ್ಡಿನಲ್ ಒಬ್ಬ ಅವರಿಗೆ ಅದರಲ್ಲಿ ಕಂಡಿದ್ದ. ಧರ್ಮ ಒಂದೇ, ಚಿತ್ರ ಒಂದೇ, ತೀರ್ಪು ಮಾತ್ರ ಎರಡು. ಹೊರಗೆ ನಿಂತು ಈ ಜಗಳವನ್ನು ನೋಡಿದ ನಮಗೆ ಸ್ವಲ್ಪ ಅಸೂಯೆಯೇ ಆಯಿತೆನ್ನಬೇಕು.

ಯಾಕೆಂದರೆ ನಾವು ಬೆಳೆದ ಮನೆಯಲ್ಲಿ ಸಿನಿಮಾದ ಬಗ್ಗೆ ಜಗಳವಿರಲಿಲ್ಲ, ಮೌನವಿತ್ತು. ಉರ್ದು ಶಾಲೆಯ ಉಸ್ತಾದರು ಸಿನಿಮಾ ನೋಡುವುದು ಗುನಾಹ್ ಎನ್ನುತ್ತಿದ್ದರು. ಕನ್ನಡ ಶಾಲೆಯ ಮೇಷ್ಟ್ರು ಮಕ್ಕಳನ್ನು ಸಾಲು ಹಿಡಿಸಿ ಟಾಕೀಸಿಗೆ ಕರೆದೊಯ್ಯುತ್ತಿದ್ದರು. ಮನೆಗೆ ಟಿ.ವಿ. ಬಂದ ಮೇಲೆ ಅಮ್ಮಿ ಅಜಾನಿನ ಹೊತ್ತಿಗೆ ಅದರ ದನಿ ತಗ್ಗಿಸಿ ತಲೆಗೆ ಸೆರಗು ಹೊದ್ದುಕೊಳ್ಳುತ್ತಿದ್ದರು. ಅಜಾನ್ ಮುಗಿದೊಡನೆ ದನಿ ಮತ್ತೆ ಏರುತ್ತಿತ್ತು. ಆ ಎರಡರ ನಡುವೆ ಏನು ನೋಡಿದೆವು, ಅದು ನಮಗೇನು ಮಾಡಿತು ಎಂದು ಯಾರೂ ಕೇಳಲಿಲ್ಲ.

ಕ್ರೈಸ್ತರು ಈ ಪ್ರಶ್ನೆಯನ್ನು ಕೇಳುತ್ತಲೇ ಬಂದರು. ಹಾಗೆಂದು ಅವರ ಉತ್ತರಗಳೆಲ್ಲ ಉದಾರವಾಗಿದ್ದವು ಎಂದಲ್ಲ. ಅಮೆರಿಕದ ಕೆಥೊಲಿಕ್ ಬಿಷಪರು 1933ರಲ್ಲಿ ‘ಲೀಜನ್ ಆಫ್ ಡೀಸೆನ್ಸಿ’ ಕಟ್ಟಿ ಚಿತ್ರಗಳಿಗೆ ದರ್ಜೆ ಹಾಕತೊಡಗಿದರು. ಹಾಲಿವುಡ್ ತನಗೆ ತಾನೇ ಹಾಕಿಕೊಂಡ 1930ರ ನಿಯಮಾವಳಿಯನ್ನು ಬರೆದವರಲ್ಲಿ ಡೇನಿಯಲ್ ಲಾರ್ಡ್ ಎಂಬ ಜೆಸ್ವಿಟ್ ಪಾದ್ರಿಯೂ ಇದ್ದರು. ಅದನ್ನು ಜಾರಿಗೆ ತರುತ್ತಿದ್ದ ಜೋಸೆಫ್ ಬ್ರೀನ್ ಕೂಡ ಕೆಥೊಲಿಕರೇ. ಇಟಲಿಯ ಡಿ ಸಿಕಾ ಅವರ ‘ಬೈಸಿಕಲ್ ಥೀವ್ಸ್’ ಅಮೆರಿಕಕ್ಕೆ ಬಂದಾಗ, ಗೋಡೆಯ ಬಳಿ ಮೂತ್ರ ಮಾಡಲು ನಿಂತ ಹುಡುಗನ ದೃಶ್ಯ ಮತ್ತು ವೇಶ್ಯಾಗೃಹದ ದೃಶ್ಯವನ್ನು ಕತ್ತರಿಸದಿದ್ದರೆ ಮುದ್ರೆ ಇಲ್ಲ ಎಂದರು ಬ್ರೀನ್. ಕಳೆದ ಸೈಕಲ್ಲಿಗಾಗಿ ರೋಮಿನ ಬೀದಿಗಳಲ್ಲಿ ಅಲೆಯುವ ಅಪ್ಪ, ಅವನ ಬೆನ್ನು ಬಿಡದ ಮಗ, ಅವರಿಬ್ಬರ ಹಸಿವು ಮತ್ತು ಅವಮಾನ ಆ ಕಚೇರಿಗೆ ದೊಡ್ಡದಾಗಿ ಕಾಣಲಿಲ್ಲ.

1995ರಲ್ಲಿ ಸಿನಿಮಾಕ್ಕೆ ನೂರು ತುಂಬಿದಾಗ ವ್ಯಾಟಿಕನ್ 45 ಮಹತ್ವದ ಚಿತ್ರಗಳ ಪಟ್ಟಿಯೊಂದನ್ನು ಹೊರಡಿಸಿತು. ಮೌಲ್ಯಗಳನ್ನು ಎತ್ತಿಹಿಡಿದ ಚಿತ್ರಗಳ ವಿಭಾಗದಲ್ಲಿ ‘ಬೈಸಿಕಲ್ ಥೀವ್ಸ್’ ಇತ್ತು. ಚಿತ್ರದಲ್ಲಿ ಒಂದು ದೃಶ್ಯವೂ ಬದಲಾಗಿರಲಿಲ್ಲ, ನೋಡುವ ಕಣ್ಣು ಬದಲಾಗಿತ್ತು. ಮಾರ್ಕ್ಸ್‌ವಾದಿಯೂ ನಾಸ್ತಿಕನೂ ಆಗಿದ್ದ ಪಾಸೊಲಿನಿ ತೆಗೆದ ಏಸುವಿನ ಚಿತ್ರವೂ ಆ ಪಟ್ಟಿಯಲ್ಲಿತ್ತು. ಮತ್ತಾಯನ ಸುವಾರ್ತೆಯನ್ನು ಆಧರಿಸಿದ ಅದಕ್ಕೆ 1964ರಲ್ಲೇ ವೆನಿಸ್‌ನಲ್ಲಿ ಕೆಥೊಲಿಕ್ ಸಿನಿಮಾ ಸಂಘಟನೆಯ ಪ್ರಶಸ್ತಿ ಬಂದಿತ್ತು. ಅದಕ್ಕೆ ಒಂದು ವರ್ಷ ಹಿಂದಷ್ಟೇ ಇನ್ನೊಂದು ಚಿತ್ರಕ್ಕಾಗಿ, ಧರ್ಮವನ್ನು ಅವಮಾನಿಸಿದನೆಂದು ಇಟಲಿಯ ನ್ಯಾಯಾಲಯ ಅವನಿಗೆ ಶಿಕ್ಷೆ ವಿಧಿಸಿತ್ತು!

ಕಾನ್ ಚಿತ್ರೋತ್ಸವದಲ್ಲಿ 1974ರಿಂದ ಕೆಥೊಲಿಕರು, ಪ್ರೊಟೆಸ್ಟಂಟರು ಕೂಡಿ ಕೂರುವ ತೀರ್ಪುಗಾರರ ಮಂಡಳಿಯೊಂದಿದೆ. ಬರ್ಲಿನ್‌ನಲ್ಲೂ ಅಂಥದ್ದಿದೆ. 2011ರಲ್ಲಿ ಬರ್ಲಿನ್ ಮಂಡಳಿ ಇರಾನಿನ ಅಸ್ಗರ್ ಫರ್ಹಾದಿಯವರ ‘ಎ ಸೆಪರೇಶನ್’ ಚಿತ್ರಕ್ಕೆ ತನ್ನ ಬಹುಮಾನ ಕೊಟ್ಟಿತು. ಅದರಲ್ಲಿ ಮನೆಗೆಲಸದ ಬಡ ಹೆಂಗಸೊಬ್ಬಳಿದ್ದಾಳೆ. ಬಸಿರು ಕಳೆದುಹೋಗಿದೆ, ಗಂಡ ಸಾಲದಲ್ಲಿ ಮುಳುಗಿದ್ದಾನೆ. ಯಜಮಾನ ತಳ್ಳಿದ್ದರಿಂದಲೇ ಬಸಿರು ಹೋಯಿತೆಂದು ಕುರ್‌ಆನ್ ಮುಟ್ಟಿ ಹೇಳಿದರೆ ಹಣ ಕೈಗೆ ಬರುತ್ತದೆ. ಆದರೆ ಅವಳಿಗೇ ಅದು ಖಚಿತವಿಲ್ಲ. ಸುಳ್ಳಾಣೆ ಮಗಳಿಗೆ ತಟ್ಟೀತೆಂದು ಅಂಜಿ ಅವಳು ಆಣೆಯಿಡಲು ಒಲ್ಲೆ ಎನ್ನುತ್ತಾಳೆ. ಈ ದೃಶ್ಯ ನೋಡುವಾಗ ನಮಗೆ ನಮ್ಮ ಓಣಿಯ ಹೆಂಗಸರು ನೆನಪಾದರು. ಮನೆಯಲ್ಲಿ ಹಿಟ್ಟಿಲ್ಲದಿದ್ದರೂ ಕಸಮ್ ಎಂಬ ಮಾತಿಗೆ ನಡುಗುತ್ತಿದ್ದವರು ಅವರು. ಅಂಥ ಹೆಂಗಸಿನ ಖುದಾ ಭಯವನ್ನು ಗುರುತಿಸಿ ಗೌರವಿಸಿದವರು ಪಾದ್ರಿಗಳು ಮತ್ತು ಅವರ ಜೊತೆಯ ವಿಮರ್ಶಕರು.

ನಮ್ಮಲ್ಲಿ? ಮುಸ್ತಫಾ ಅಕ್ಕಾದ್ ‘ದಿ ಮೆಸೇಜ್’ ತೆಗೆದಾಗ ಪ್ರವಾದಿಯವರ ರೂಪವನ್ನಾಗಲಿ ದನಿಯನ್ನಾಗಲಿ ತೋರಿಸಲಿಲ್ಲ. ಆಂಥೊನಿ ಕ್ವಿನ್ ಮಾಡಿದ್ದು ಹಂಝಾರ ಪಾತ್ರ. ಆದರೂ 1977ರಲ್ಲಿ ವಾಷಿಂಗ್ಟನ್ನಿನಲ್ಲಿ ಬಂದೂಕುಧಾರಿಗಳು ಜನರನ್ನು ಒತ್ತೆ ಇಟ್ಟುಕೊಂಡು ಮಂಡಿಸಿದ ಬೇಡಿಕೆಗಳಲ್ಲಿ ಈ ಚಿತ್ರವನ್ನು ನಿಲ್ಲಿಸಿ ಎಂಬುದೂ ಒಂದು. ಚಿತ್ರ ನೋಡಿ ಎತ್ತಿದ ಆಕ್ಷೇಪವಲ್ಲ ಅದು.

ನಮ್ಮ ನಾಡಿಗೇ ಬರೋಣ. ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಕಥೆಯನ್ನು ಗಿರೀಶ್ ಕಾಸರವಳ್ಳಿ 2004ರಲ್ಲಿ ‘ಹಸೀನಾ’ ಮಾಡಿದರು. ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಗಂಡ ಕೈಬಿಟ್ಟವಳು ಮುತವಲ್ಲಿಯ ಮುಂದೆ ನಿಂತು ಹಕ್ಕು ಕೇಳುವ ಕಥೆ ಅದು. ಇದರಿಂದ ನಮ್ಮ ಮರ್ಯಾದೆ ಹೋಯಿತೇ ಎಂದು ಕೇಳಿದವರನ್ನು ನಾವು ಕಂಡಿದ್ದೇವೆ. ಆ ಹೆಂಗಸು ಕೇಳಿದ್ದು ದೀನ್ ಅವಳಿಗೆ ಕೊಟ್ಟ ಹಕ್ಕನ್ನೇ ಅಲ್ಲವೇ, ಅದನ್ನು ತಡೆದವರು ಯಾರು ಎಂದು ಮಸೀದಿಯ ಮೆಟ್ಟಿಲಲ್ಲಿ ಕೂತು ಚರ್ಚಿಸಿದವರನ್ನು ಕಂಡಿಲ್ಲ. ನಮ್ಮನ್ನು ಖಳರನ್ನಾಗಿಸಿದ ಚಿತ್ರಗಳೂ ಸಾಕಷ್ಟಿವೆ. ಅವುಗಳ ಸುಳ್ಳನ್ನು ದೃಶ್ಯ ದೃಶ್ಯವಾಗಿ ಬಿಡಿಸಿ ತೋರಿಸಲೂ ಕೂತು ನೋಡುವವರೇ ಬೇಕು. ಬರೀ ಸಿಟ್ಟಿನಿಂದ ಆಗುವ ಕೆಲಸವಲ್ಲ ಅದು.

ಈಗ ನಮ್ಮ ಮಕ್ಕಳ ಅಂಗೈಯಲ್ಲೇ ಟಾಕೀಸಿದೆ. ದನಿ ತಗ್ಗಿಸಲು ಅಮ್ಮಿ ಪಕ್ಕದಲ್ಲಿರುವುದಿಲ್ಲ. ಸಿನಿಮಾ ನೋಡಬಹುದೇ ಎಂಬ ಮಸಲೆಗೆ ಉತ್ತರಿಸಲು ಆಲಿಮರಿದ್ದಾರೆ. ಅವರೇನೇ ಹೇಳಲಿ, ಮಕ್ಕಳು ನೋಡುತ್ತಿರುವುದಂತೂ ನಿಜ. ನಮಾಜು ಬಿಡದ, ಚಿತ್ರವನ್ನು ಕೊನೆಯವರೆಗೂ ಕೂತು ನೋಡುವ, ಆಮೇಲೆ ಆ ಮಕ್ಕಳ ಜೊತೆ ಅದರ ಬಗ್ಗೆ ಮಾತಾಡುವ ವಿಮರ್ಶಕನೊಬ್ಬ ನಮಗೂ ಬೇಕು. ವಿಮರ್ಶಕಿಯಾದರೆ ಇನ್ನೂ ಒಳ್ಳೆಯದು.