ಮರದ ಕುದುರೆಗಳ ಮನೆಯಲ್ಲಿ

ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ, ಲಾಸ್ ಏಂಜಲಿಸ್ ಮಹಾನಗರಕ್ಕೆ ಅಂಟಿಕೊಂಡಂತೆ ಸಾಂಟಾ ಮೋನಿಕಾ ಎಂಬ ಊರಿದೆ. ಅಲ್ಲಿ ಸಮುದ್ರದತ್ತ ತೋಳು ಚಾಚಿದ ಹಾಗೆ ಕಟ್ಟಿರುವ ದಕ್ಕೆಯೊಂದುಂಟು. 1909ರಲ್ಲಿ ತೆರೆದ ಈ ದಕ್ಕೆಯ ಮೇಲೆ ಸಂಜೆಯಾಯಿತೆಂದರೆ ಜಾತ್ರೆ ನೆರೆದಂತಿರುತ್ತದೆ. ಅದರ ಬಾಯಲ್ಲೇ ಗೋಪುರಗಳುಳ್ಳ ಹಳೆಯ ಕಟ್ಟಡ, ಕಟ್ಟಿದ್ದು 1916ರಲ್ಲಿ. ಒಳಗೆ 1922ರಲ್ಲಿ ತಯಾರಾದ ಕುದುರೆಚಕ್ರವಿದೆ. ನಮ್ಮ ಜಾತ್ರೆಗಳಲ್ಲಿ ಮಕ್ಕಳು ಹತ್ತುವಂಥದೇ. ಆದರೆ ಇಲ್ಲಿನ 44 ಕುದುರೆಗಳೂ ಕೈಯಿಂದ ಕೆತ್ತಿದವು.

ನಾನು ಹೋದದ್ದು ಕುದುರೆಗಳ ಆಸೆಯಿಂದಲ್ಲ, ಒಂದು ಚಲಚ್ಚಿತ್ರದ ಮೋಹದಿಂದ. 1973ರಲ್ಲಿ ತೆರೆಕಂಡು ಏಳು ಆಸ್ಕರ್ ಪ್ರಶಸ್ತಿಗಳನ್ನು ಗಳಿಸಿದ ‘ದಿ ಸ್ಟಿಂಗ್’ ಚಿತ್ರದ ವಂಚಕಶಿಖಾಮಣಿ ಅಡಗಿರುವುದು ಈ ಕುದುರೆಗಳ ಮನೆಯಲ್ಲೇ. ಪಾಲ್ ನ್ಯೂಮನ್ ಅವನ ಪಾತ್ರಧಾರಿ. ಅವನನ್ನು ಹುಡುಕಿಕೊಂಡು ಬರುವ ಯುವಕ ರಾಬರ್ಟ್ ರೆಡ್‌ಫರ್ಡ್.

ಜೊತೆಗೆ ನಮ್ಮ ತಾಯಿಯವರಿದ್ದರು. ಸಾಲಿನಲ್ಲಿ ನಿಂತೇ ಅವರಿಗೆ ಕಥೆ ಹೇಳಿದೆ. ಕಾಲ 1936. ಒಬ್ಬ ಕ್ರೂರ ಧನಿಕನು ಯುವಕನ ಗುರುವನ್ನು ಕೊಲ್ಲಿಸುತ್ತಾನೆ. ಅವನನ್ನು ಕೊಲ್ಲದೆ, ಅವನ ಹಣವನ್ನು ಕಸಿಯುವುದೇ ಪ್ರತೀಕಾರ. ಅದಕ್ಕಾಗಿ ಕುದುರೆ ಜೂಜಿನ ಅಂಗಡಿಯೊಂದನ್ನು ನಿರ್ಮಿಸುತ್ತಾರೆ. ಪಂದ್ಯದ ಫಲಿತಾಂಶ ತಂತಿಯಲ್ಲಿ ಕೊಂಚ ಮೊದಲೇ ತಿಳಿಯುವುದೆಂದು ಅವನನ್ನು ನಂಬಿಸುತ್ತಾರೆ. ಅಂಗಡಿಯ ಗುಮಾಸ್ತ, ಗಿರಾಕಿ, ಫಲಕ, ಕೂಗು, ಎಲ್ಲವೂ ನಾಟಕ! ಒಬ್ಬನೇ ಪ್ರೇಕ್ಷಕ; ಅವನಿಗೆ ಮಾತ್ರ ಅದು ನಾಟಕವೆಂದು ತಿಳಿಯದು.

ಚಿತ್ರ ಮಾಡಿದವರೂ ಕಡಮೆ ಕಿಲಾಡಿಗಳಲ್ಲ. ಕಥೆಯಲ್ಲಿ ಈ ಕುದುರೆಗಳ ಮನೆಯಿರುವುದು ಶಿಕಾಗೋ ನಗರದಲ್ಲಿ. ಆ ಊರು ಇಲ್ಲಿಂದ ಸುಮಾರು 2,800 ಕಿಲೋಮೀಟರು ದೂರ! ಕೆಲವು ದೃಶ್ಯಗಳನ್ನಷ್ಟೇ ನಿಜವಾದ ಶಿಕಾಗೋದಲ್ಲಿ ತೆಗೆದು, ಬೀದಿಗಳ ಬಹುಪಾಲನ್ನು ಯೂನಿವರ್ಸಲ್ ಸ್ಟುಡಿಯೋದ ಹಿತ್ತಿಲಲ್ಲೇ ಸಾಧಿಸಿದರು. ಕಿವಿಗೂ ಮೋಸವೇ. ನಮ್ಮನ್ನು ಕುಣಿಸುವ ಆ ಪಿಯಾನೋ ಸಂಗೀತ ಸ್ಕಾಟ್ ಜಾಪ್ಲಿನ್ ಅವರದು. ಅವರು ತೀರಿಕೊಂಡದ್ದು 1917ರಲ್ಲಿ. ಕಥೆಯ ಕಾಲಕ್ಕೆ ಆ ಸಂಗೀತ ಹಳೆಯ ಮಾತಾಗಿತ್ತು. ನೋಡಿದವರಾರೂ ದೂರು ಕೊಡಲಿಲ್ಲ!

ನಾನು ಇಷ್ಟು ಉತ್ಸಾಹದಿಂದ ಬಣ್ಣಿಸಿದ ಮೇಲೆ ತಾಯಿಯವರು ಕೇಳಿದ್ದು ಒಂದೇ ಪ್ರಶ್ನೆ: “ಮೋಸ ಹೋದವನಿಗೆ ಮಕ್ಕಳುಮರಿ ಇದ್ದರೇನೋ?”

ನನ್ನ ಬಾಯಿ ಕಟ್ಟಿತು. ಹಲವು ವರ್ಷಗಳ ಹಿಂದೆ, ತಂಗಿಯ ಮದುವೆಗೆಂದು ಕೂಡಿಟ್ಟ ಹಣವನ್ನು ಅವರು ಚೀಟಿ ನಡೆಸುತ್ತಿದ್ದ ಸಭ್ಯಗೃಹಸ್ಥನೊಬ್ಬನ ಕೈಗಿತ್ತು ಕಳೆದುಕೊಂಡಿದ್ದರು. ಅವನ ನಗೆಯೂ ಸೊಗಸಾಗಿತ್ತು, ಮಾತೂ ಸೊಗಸಾಗಿತ್ತು. ಹೋದ ಹಣಕ್ಕಿಂತ, ಪ್ರತಿ ತಿಂಗಳೂ ಅವನಿಗೆ ಕೂರಿಸಿ ಕೊಟ್ಟ ಕಾಫಿಯ ನೆನಪೇ ಅವರನ್ನು ಹೆಚ್ಚು ಸುಟ್ಟಿತು. ಆ ನಾಟಕದಲ್ಲಿ ಪ್ರೇಕ್ಷಕರು ಅವರೊಬ್ಬರೇ.

ಚಿತ್ರದ ಮೊದಲ ಕೈಚಳಕ ಏನೆಂಬುದು ಆಗ ನನಗೆ ಹೊಳೆಯಿತು. ಮೋಸ ಹೋಗಲು ಅದು ಆರಿಸಿಕೊಂಡದ್ದು ಕೊಲೆಗಡುಕನನ್ನು. ಆರಂಭದಲ್ಲಿ ಬೀದಿಯಲ್ಲಿ ವಂಚಿತನಾಗುವವನ ಕಿಸೆಯಲ್ಲಿದ್ದುದೂ ಅದೇ ಕೊಲೆಗಡುಕನ ಜೂಜಿನ ಹಣ. ಅಳುವ ಮನೆಯೊಂದನ್ನೂ ನಮಗೆ ತೋರಿಸದೆ, ನಮ್ಮ ಮನಸ್ಸಾಕ್ಷಿಯನ್ನು ಮೆಲ್ಲನೆ ಜೇಬುಗಳ್ಳತನ ಮಾಡಿಬಿಡುತ್ತದೆ. ಕೊನೆಗೆ ನಾವೂ ಮೋಸ ಹೋಗುತ್ತೇವೆ. ಹೇಗೆಂದು ಹೇಳಿ ವಾಚಕರ ಸುಖವನ್ನು ಕದಿಯಲಾರೆ. ಆದರೆ ಮೋಸ ಮಾಡಿದ ಮರುಗಳಿಗೆಯಲ್ಲೇ ಚಿತ್ರವು ಮುಷ್ಟಿ ಬಿಚ್ಚಿ ತೋರಿಸುತ್ತದೆ. ನಾವು ನಗುತ್ತಾ ಎದ್ದು ಬರುತ್ತೇವೆ. ಮುಷ್ಟಿ ಬಿಚ್ಚದೆ ಊರು ಬಿಟ್ಟವನು ನಗುವನ್ನು ಉಳಿಸಿ ಹೋಗುವುದಿಲ್ಲ. ವಿನೋದಕ್ಕೂ ಅನ್ಯಾಯಕ್ಕೂ ಇರುವ ಅಂತರ ಅಷ್ಟೆ.

ಅಷ್ಟರಲ್ಲಿ ನಮ್ಮ ಸರದಿ ಬಂತು. ತಾಯಿಯವರು ಕುದುರೆಗಳ ನಡುವಣ ಆಸನದಲ್ಲಿ ಸೆರಗು ಹೊದ್ದು ಕುಳಿತರು. ಸಂಗೀತ ಮೊಳಗಿತು, ಕಡಲು, ಕಿಟಕಿ, ಜನ ಎಲ್ಲವೂ ಸುತ್ತತೊಡಗಿದವು. ಚಕ್ರ ನಿಂತಾಗ ಅವರ ಮುಖದಲ್ಲಿ ಹುಡುಗಿಯ ಕಳೆಯಿತ್ತು.

“ಎಷ್ಟು ಓಡಿದರೂ ಹತ್ತಿದ ಕಡೆಯೇ ಇಳಿಸಿತಲ್ಲ! ಇದು ನ್ಯಾಯವಾದ ಮೋಸ” ಎಂದರು. ಅಂದವರೇ, ಟಿಕೆಟ್ಟಿನವನು ಕೊಟ್ಟಿದ್ದ ಚಿಲ್ಲರೆಯನ್ನು ಇನ್ನೊಮ್ಮೆ ಎಣಿಸಿ ನೋಡಿದರು.