ನೆಟ್ಟವರ ಹೆಸರು

ದೇಶ ಸುತ್ತಬೇಕು, ಕೋಶ ಓದಬೇಕು ಎಂಬ ಹಿರಿಯರ ಮಾತನ್ನು ನಾವು ಬಹುಕಾಲ ಅರ್ಧದಷ್ಟೇ ಪಾಲಿಸಿದ್ದೆವು. ನಿವೃತ್ತಿಯ ಬಳಿಕ ಮಗನ ಒತ್ತಾಯಕ್ಕೆ ಮಣಿದು ದಂಪತಿಗಳಿಬ್ಬರೂ ಬ್ರೆಜಿಲ್ ದೇಶಕ್ಕೆ ಹೋಗಿಬಂದೆವು. ವಿಸ್ತಾರದಲ್ಲಿ ಅದು ಭಾರತದ ಎರಡೂವರೆ ಪಟ್ಟಿಗಿಂತಲೂ ದೊಡ್ಡದು. ಮನೌಸ್ ನಗರದ ಬಳಿ ಕಪ್ಪು ನೀರಿನ ನೆಗ್ರೊ ನದಿಯೂ ಕೆಸರುಬಣ್ಣದ ಸೊಲಿಮೋಯಿಸ್ ನದಿಯೂ ಸುಮಾರು 6 ಕಿಲೋಮೀಟರ್ ದೂರ ಒಂದಕ್ಕೊಂದು ಬೆರೆಯದೆ ಅಕ್ಕಪಕ್ಕದಲ್ಲೇ ಹರಿಯುವುದನ್ನು ಕಂಡು ಬೆರಗಾದೆವು. ಆದರೆ ನಮ್ಮ ಮನಸ್ಸನ್ನು ಕಲಕಿದ್ದು ರಿಯೊ ನಗರದ ತಿಜುಕಾ ಅರಣ್ಯ.

ಕಾಡಿನೊಳಗೆ ಕಾಲಿಟ್ಟ ಸ್ವಲ್ಪ ಹೊತ್ತಿಗೆ ಪರಿಚಿತ ಪರಿಮಳ. "ಇದು ನಮ್ಮ ಹಲಸು!" ಎಂದು ಮನೆಯಾಕೆ ಉದ್ಗರಿಸಿದರು. ಪೋರ್ಚುಗೀಸರು ನಮ್ಮ ಪಶ್ಚಿಮ ಕರಾವಳಿಯ ಹಲಸನ್ನು ಅಲ್ಲಿಗೊಯ್ದರು; ಅಲ್ಲಿಯ ಗೋಡಂಬಿಯನ್ನು ಇಲ್ಲಿಗೆ ತಂದರು. ಮಲಯಾಳಂನ 'ಚಕ್ಕ' ಎಂಬ ಹೆಸರೇ ಅಲ್ಲಿ 'ಝಾಕ' ಆಗಿದೆ.

ಆ ಅರಣ್ಯದ ಕಥೆ ಇನ್ನೂ ದೊಡ್ಡದು. ಕಾಫಿ ಬೆಳೆಗಾಗಿ ಬೆಟ್ಟಗಳ ಕಾಡನ್ನು ಕಡಿದಾಗ ನಗರಕ್ಕೆ ನೀರುಣಿಸುತ್ತಿದ್ದ ತೊರೆಗಳು ಬತ್ತಿದವು. 1861ರಲ್ಲಿ ಚಕ್ರವರ್ತಿ ಎರಡನೆಯ ಪೆಡ್ರೊ ಮತ್ತೆ ಕಾಡು ಬೆಳೆಸಲು ಆಜ್ಞಾಪಿಸಿದನು. ಮೇಜರ್ ಆರ್ಚರ್ ಎಂಬಾತನ ಮೇಲ್ವಿಚಾರಣೆಯಲ್ಲಿ ಮೊದಲು ದುಡಿದವರು ಆರು ಮಂದಿ ಗುಲಾಮರು. ಎಲ್ಯೂತೇರಿಯೊ, ಕಾನ್‌ಸ್ಟಾಂಟಿನೊ, ಮನುಯೆಲ್, ಮತೆಯಸ್, ಲಿಯೊಪೋಲ್ಡೊ ಎಂಬ ಐವರು ಪುರುಷರು. ಮರಿಯ ಎಂಬ ಒಬ್ಬ ಹೆಂಗಸು. ಹದಿಮೂರು ವರ್ಷಗಳಲ್ಲಿ ಅಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಗಿಡಗಳನ್ನು ನೆಡಲಾಯಿತು. ಆ ದೇಶದಲ್ಲಿ ಗುಲಾಮಗಿರಿ ರದ್ದಾದದ್ದು 1888ರಲ್ಲಿ. ಅಂದರೆ ಅವರು ಗಿಡ ನೆಟ್ಟದ್ದು ಸಂಕೋಲೆಯ ಕಾಲದಲ್ಲಿ. ಅವರ ಹೆಸರಿನೊಡನೆ ಮನೆತನದ ಹೆಸರಿಲ್ಲ. ಆದರೂ ಹೆಸರಾದರೂ ಉಳಿದಿದೆ.

ಆ ನೆರಳಿನಲ್ಲಿ ನಿಂತಾಗ ನಮಗೆ ಊರಿನ ತೋಟ ನೆನಪಾಯಿತು. ಅಲ್ಲಿಯ ನಾಲ್ಕು ಹಲಸಿನ ಮರಗಳನ್ನು "ಅಜ್ಜನವರು ಬೆಳೆಸಿದ್ದು" ಎಂದೇ ನಾವು ಮಕ್ಕಳಿಗೆ ಹೇಳುತ್ತ ಬಂದಿದ್ದೇವೆ. ಗುಂಡಿ ತೋಡಿದವನು, ಕಾವಡಿಯಲ್ಲಿ ನೀರು ಹೊತ್ತವನು ಮನೆಯ ಜೀತದಾಳು. ಅರವತ್ತು ವರ್ಷ ಆ ಹಣ್ಣು ತಿಂದ ನಮಗೆ ಆತನ ಹೆಸರು ಗೊತ್ತಿರಲಿಲ್ಲ. ಕಾಯಕದ ಹಿರಿಮೆಯನ್ನು ವೇದಿಕೆಗಳಲ್ಲಿ ಕೊಂಡಾಡಿದ ನಾಲಿಗೆ ನಮ್ಮದೇ. ನಾಚಿಕೆಯೆನಿಸಿತು.

ಊರಿಗೆ ಮರಳಿದ ಮೇಲೆ ಆತನ ಮೊಮ್ಮಗನ ಮನೆಗೆ ಹೋಗಿ ಕೇಳಿದೆವು. ಆತ ಕ್ಷಣಕಾಲ ನಮ್ಮ ಮುಖವನ್ನೇ ನೋಡಿ, "ಈಗ ಕೇಳಿದ್ರಾ ಬುದ್ಧಿ?" ಎಂದರು. ಉತ್ತರಿಸಲು ನಮ್ಮಲ್ಲಿ ಮಾತಿರಲಿಲ್ಲ. ನಿಜವಾಗಿಯೂ ಬುದ್ಧಿ ಬಂದದ್ದು ತಡವಾಗಿಯೇ.

ಹೆಸರು ಹೇಳಿದರು. ಮನೆಯ ಹಳೆಯ ಲೆಕ್ಕದ ಪುಸ್ತಕದಲ್ಲಿ ಅಜ್ಜನವರ ಹೆಸರಿನ ಪಕ್ಕದಲ್ಲಿ ಅದನ್ನು ಬರೆದೆವು. ಆ ವರ್ಷದ ಮೊದಲ ಹಲಸನ್ನು ಅವರ ಮನೆಯವರೊಡನೆ ನಮ್ಮ ಪಡಸಾಲೆಯಲ್ಲಿ ಒಟ್ಟಿಗೆ ಕುಳಿತು ಬಿಡಿಸಿ ತಿಂದೆವು. ಮರ ಯಾರು ನೆಟ್ಟದ್ದೆಂದು ಈಗ ಮೊಮ್ಮಕ್ಕಳು ಕೇಳಿದರೆ ನಾವು ಎರಡು ಹೆಸರು ಹೇಳುತ್ತೇವೆ.